ಅಮ್ಮನ ಗಾಲ್ ಬ್ಲಾಡರ್ (ಪಿತ್ತಕೋಶ) ತೆಗೆಸಿದ್ವಿ, ಈಗ ಬೈಲ್ (ಪಿತ್ತರಸ) ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಅಂತ ಬಂದಿದೆ. ಆಂಟಿಬಯಾಟಿಕ್ ಬೇಕಾ ಬೇಡ್ವಾ?

ಹರಿಹರದ_ಹುಡ್ಗ

ಎಲ್ರಿಗೂ ನಮಸ್ಕಾರ, ಒಂದು ವಿಷ್ಯದಲ್ಲಿ ತಲೆ ಕೆಟ್ಟೋಗಿದೆ, ಗೊತ್ತಿರೋರು ದಯವಿಟ್ಟು ಹೇಳಿ. ನಮ್ಮಮ್ಮಂಗೆ 63 ವರ್ಷ, ಶುಗರ್ ಇದೆ, ಮಾತ್ರೆಯಲ್ಲೇ ಕಂಟ್ರೋಲ್. ಊಟ ಆದ್ಮೇಲೆ ಬಲಗಡೆ ಪಕ್ಕೆ ಕೆಳಗೆ ಹಿಡ್ಕೊಂಡಂಗಾಗೋದು, ಹೆಗಲ ತನಕ ನೋವು ಹೋಗೋದು, ಗ್ಯಾಸ್ಟ್ರಿಕ್ ಅಂತ ಖಾಲಿ ಹೊಟ್ಟೆ ಮಾತ್ರೆ ತಗೊಂಡು ಸಾಗಿಸ್ತಾ ಇದ್ರು. ಈಚೆಗೆ ಒಂದು ಗೃಹಪ್ರವೇಶದಲ್ಲಿ ಹೋಳಿಗೆ ತುಪ್ಪ ಉಂಡು ಬಂದ ರಾತ್ರಿ ಶುರುವಾದ ನೋವು ಬೆಳಗಾದ್ರೂ ನಿಲ್ಲಲಿಲ್ಲ, ಜೊತೆಗೆ ವಾಂತಿ, ಮೈ ಬಿಸಿ. ಸ್ಕ್ಯಾನಿಂಗ್ ಮಾಡ್ಸಿದ್ರೆ ಗಾಲ್ ಬ್ಲಾಡರ್ ತುಂಬಾ ಸಣ್ಣ ಸಣ್ಣ ಕಲ್ಲು, ಗೋಡೆ ದಪ್ಪ ಆಗಿದೆ ಅಂದ್ರು. ದಾವಣಗೆರೆಯಲ್ಲಿ ಅಡ್ಮಿಟ್ ಮಾಡಿ ಲ್ಯಾಪ್ರೋಸ್ಕೋಪಿಯಲ್ಲಿ ತೆಗೆಸಿದ್ವಿ. ಸರ್ಜನ್ ಹೊರಗೆ ಬಂದು, ಒಳಗೆ ಪಿತ್ತರಸ ಗಟ್ಟಿಯಾಗಿ ಕೆಟ್ಟೋಗಿತ್ತು, ಒಂಚೂರು ಬ್ಯಾಕ್ಟೀರಿಯಾ ಬೆಳೆಯುತ್ತಾ ನೋಡೋ ಕಲ್ಚರ್‌ಗೆ ಕಳ್ಸಿದೀನಿ ಅಂತ ಹೇಳಿ ಹೋದ್ರು. ಅಮ್ಮ ಚೆನ್ನಾಗಿ ಚೇತರಿಸ್ಕೊಂಡು ಮನೆಗೆ ಬಂದ್ರು.

ಈಗ ಲ್ಯಾಬಿಂದ ವಾಟ್ಸಾಪ್‌ಗೆ ರಿಪೋರ್ಟ್ ಬಂದಿದೆ. ‘ಇ. ಕೊಲೈ, ಹೆವಿ ಗ್ರೋತ್, ಇಎಸ್‌ಬಿಎಲ್ ಪಾಸಿಟಿವ್’ ಅಂತಿದೆ, ಕೆಳಗೆ ಉದ್ದಕ್ಕೂ ಔಷಧಿ ಹೆಸ್ರು, ಮೇಲಿನ ಅರ್ಧಕ್ಕೆಲ್ಲ ‘ಆರ್’, ಕೆಳಗಿರೋ ಮೆರೋಪೆನೆಮ್, ಅಮಿಕಾಸಿನ್ ಅವಕ್ಕೆಲ್ಲ ‘ಎಸ್’. ಸರ್ಜನ್‌ಗೆ ಕಳ್ಸಿದ್ರೆ, ಜ್ವರ ಇಲ್ಲ ತಾನೆ, ಏನೂ ಬೇಡ, ರಿಪೋರ್ಟ್ ಫೈಲಲ್ಲಿಟ್ಕೊಳಿ ಅಂತ ಒಂದೇ ಮಾತಲ್ಲಿ ಮುಗಿಸಿದ್ರು. ಇಲ್ಲಿ ನೋಡಿದ್ರೆ ನಮ್ಮ ಚಿಕ್ಕಪ್ಪ, ಅವ್ರದ್ದು ಮೆಡಿಕಲ್ ಶಾಪ್ ಇದೆ, ಇಷ್ಟು ಸ್ಟ್ರಾಂಗ್ ಬ್ಯಾಕ್ಟೀರಿಯಾ ಅಂತ ಬರೆದಿರೋವಾಗ ಹೆಂಗೆ ಸುಮ್ನಿರ್ತೀರ, ಮೆರೋಪೆನೆಮ್ ಇಂಜೆಕ್ಷನ್ ಒಂದು ವಾರ ಹಾಕ್ಸಿ, ನರ್ಸನ್ನ ನಾನೇ ಮನೆಗೆ ಕಳ್ಸ್ತೀನಿ ಅಂತಿದಾರೆ. ಅಮ್ಮ ಆರಾಮಾಗಿ ಅನ್ನ ಸಾರು ಉಣ್ಕೊಂಡು ಸೀರಿಯಲ್ ನೋಡ್ತಾ ಇದಾರೆ. ಜ್ವರ ಇಲ್ಲ, ಹೊಟ್ಟೆ ನೋವಿಲ್ಲ, ಹೊಲಿಗೆ ಹತ್ರ ಕೆಂಪಿಲ್ಲ.

ಪಿತ್ತದೊಳಗೆ ಬ್ಯಾಕ್ಟೀರಿಯಾ ಹೋಗೋದು ಹೆಂಗೆ? ಆಸ್ಪತ್ರೆಯಲ್ಲಿ ಅಂಟಿದ್ದಾ? ಸರ್ಜನ್ ಮಾತು ಕೇಳ್ಲಾ ಚಿಕ್ಕಪ್ಪನ ಮಾತು ಕೇಳ್ಲಾ?

ನೈಟ್‌ಡ್ಯೂಟಿ

ಜನರಲ್ ಸರ್ಜರಿ ಪಿಜಿ ಮಾಡ್ತಿದೀನಿ, ಮೈಸೂರು ಕಡೆ. ನಿಮ್ಮ ತಾಯಿನ ನೋಡ್ದೆ ಇಲ್ಲಿಂದ ಔಷಧಿ ಹೇಳಲ್ಲ, ಆದ್ರೆ ನಿಮ್ಮ ಸರ್ಜನ್ ಒಂದೇ ಮಾತಲ್ಲಿ ಮುಗಿಸಿದ್ದನ್ನ ಬಿಡಿಸಿ ಹೇಳ್ಬೋದು, ಯಾಕಂದ್ರೆ ನಾವೂ ಓಪಿಡಿಯಲ್ಲಿ ಅಷ್ಟೇ ಹೇಳಿ ಮುಂದಿನ ಪೇಷಂಟ್ ಕರೀತೀವಿ, ಟೈಮಿರಲ್ಲ.

ಲಿವರ್ ದಿನಕ್ಕೆ ಸುಮಾರು 600 ಎಂಎಲ್‌ನಿಂದ ಒಂದು ಲೀಟರ್ ತನಕ ಪಿತ್ತರಸ ಮಾಡುತ್ತೆ. ಗಾಲ್ ಬ್ಲಾಡರ್ ಹಿಡಿಯೋದು ಬರೀ 30–50 ಎಂಎಲ್, ಆದ್ರೆ ನೀರಿನಂಶ ಹೀರ್ಕೊಂಡು ಗಟ್ಟಿ ಮಾಡಿ ಇಟ್ಕೊಳುತ್ತೆ. ಆರೋಗ್ಯವಾಗಿರೋರ ಪಿತ್ತರಸ ಕಲ್ಚರ್ ಹಾಕಿದ್ರೆ ಸಾಮಾನ್ಯವಾಗಿ ಏನೂ ಬೆಳೆಯಲ್ಲ. ಪಿತ್ತ ಯಾವಾಗ್ಲೂ ಕೆಳಗಡೆ ಹರೀತಾ ಇರೋದ್ರಿಂದ ಹುಳ, ಅಂದ್ರೆ ಬ್ಯಾಕ್ಟೀರಿಯಾ, ಮೇಲೆ ಹತ್ತಕ್ಕಾಗಲ್ಲ, ಪಿತ್ತದಲ್ಲಿರೋ ಲವಣಗಳು ಸುಮಾರು ಬ್ಯಾಕ್ಟೀರಿಯಾನ ಕೊಲ್ತಾವೆ, ಮತ್ತೆ ಕೊಳವೆ ಸಣ್ಣ ಕರುಳಿಗೆ ಸೇರೋ ಜಾಗದಲ್ಲಿ ಸ್ಫಿಂಕ್ಟರ್ ಆಫ್ ಓಡಿ ಅಂತ ಒಂದು ಸ್ನಾಯುವಿನ ಬಾಗಿಲಿದೆ. ಕಲ್ಲು ಗಾಲ್ ಬ್ಲಾಡರ್ ಬಾಯಿಗೆ ಸಿಕ್ಕಾಕೊಂಡ್ರೆ ಹರಿವು ನಿಲ್ಲುತ್ತೆ, ನಿಂತ ಪಿತ್ತಕ್ಕೆ ಕರುಳಿಂದ ಹುಳ ಹತ್ತಿ ಬರುತ್ತೆ, ಇಲ್ಲಾ ಕರುಳಿನ ರಕ್ತ ಲಿವರ್‌ಗೆ ಹೋಗೋ ದಾರಿಯಲ್ಲಿ ಬಂದು ಸೇರ್ಕೊಳುತ್ತೆ. ಇ. ಕೊಲೈ ಅನ್ನೋದು ನಮ್ಮೆಲ್ಲರ ಕರುಳಲ್ಲೂ ಇರೋದೇ, ನಿಮ್ಮಮ್ಮನ ಪಿತ್ತದಲ್ಲಿ ಸಿಕ್ಕಿರೋದು ಹೆಚ್ಚಾಗಿ ಅವ್ರದೇ ಕರುಳಿಂದ. ಆಸ್ಪತ್ರೆ ಮೇಲೆ ಅನುಮಾನ ಬೇಡ, ಆ ಸ್ಯಾಂಪಲ್ ತೆಗೆದಿದ್ದು ಆಪರೇಷನ್ ನಡೀತಿರೋವಾಗ್ಲೇ.

ಇನ್ನೊಂದು ವಿಷ್ಯ, ಇದು ಸುಮಾರು ಡಾಕ್ಟ್ರುಗಳೇ ಮರೀತಾರೆ. ಕಲ್ಲು ಅಡ್ಡ ಸಿಕ್ಕಿ ಗಾಲ್ ಬ್ಲಾಡರ್ ಊದಿಕೊಳ್ಳೋದು ಶುರುವಿನಲ್ಲಿ ಇನ್ಫೆಕ್ಷನ್ನೇ ಅಲ್ಲ. ಒತ್ತಡ ಜಾಸ್ತಿಯಾಗಿ, ಪಿತ್ತದ ಕೆಮಿಕಲ್‌ಗಳಿಂದ ಗೋಡೆ ಕೆರಳೋದು. ಬ್ಯಾಕ್ಟೀರಿಯಾ ಆಮೇಲೆ ಬರೋ ಅತಿಥಿ. ಅದಕ್ಕೇ ದಿಢೀರ್ ಅಂತ ಊತ ಬಂದು ಅಡ್ಮಿಟ್ ಆದವ್ರ ಬೈಲ್ ಕಳ್ಸಿದ್ರೂ ಹೆಚ್ಚು ಕಮ್ಮಿ ಅರ್ಧದಷ್ಟು ಜನರಲ್ಲಿ ಏನೂ ಬೆಳೆಯಲ್ಲ, ಕಲ್ಲಿದ್ದೂ ಊತ ಇಲ್ದೆ ಡೇಟ್ ಫಿಕ್ಸ್ ಮಾಡ್ಕೊಂಡು ಬರೋವ್ರಲ್ಲಂತೂ ಇನ್ನೂ ಕಮ್ಮಿ. ವಯಸ್ಸು 60 ದಾಟಿರೋದು, ಶುಗರ್, ಕಾಮಾಲೆ, ದೊಡ್ಡ ಪಿತ್ತನಾಳದಲ್ಲಿ ಕಲ್ಲು, ಇವಿದ್ರೆ ಬೆಳೆಯೋ ಸಾಧ್ಯತೆ ಜಾಸ್ತಿ. ಈ ಪಟ್ಟಿಯಲ್ಲಿ ನಿಮ್ಮಮ್ಮ ಎರಡು ಕಡೆ ಸಿಕ್ತಾರೆ.

ಆಪರೇಷನ್ ಥಿಯೇಟರಲ್ಲಿ ಏನಾಗುತ್ತೆ ಅಂದ್ರೆ, ಟೈಟಾಗಿ ಊದಿರೋ ಗಾಲ್ ಬ್ಲಾಡರ್‌ನ ಗ್ರಾಸ್ಪರ್‌ನಲ್ಲಿ ಹಿಡಿಯಕ್ಕೇ ಬರಲ್ಲ, ಜಾರ್ತಾ ಇರುತ್ತೆ. ಉದ್ದ ಸೂಜಿ ಚುಚ್ಚಿ ಒಳಗಿರೋದನ್ನ ಎಳ್ದು ಸಡಿಲ ಮಾಡ್ಕೋತೀವಿ, ಕಲ್ಚರ್‌ಗೆ ಹೋಗೋದು ಅದೇ. ಚೆನ್ನಾಗಿರೋ ಬೈಲ್ ಹಳದಿ ಹಸಿರು. ಕೆಲವ್ರಲ್ಲಿ ಜೋನಿ ಬೆಲ್ಲದ ಥರ ಕಪ್ಪಗೆ, ಸಿರಿಂಜ್ ಎಳೆಯೋಕೂ ಕಷ್ಟ. ಕೆಲವ್ರಲ್ಲಿ ಬಣ್ಣನೇ ಇಲ್ದೆ ತಿಳಿಯಾಗಿರುತ್ತೆ, ಅಂದ್ರೆ ಬಾಯಿ ಮುಚ್ಚಿ ತುಂಬಾ ದಿನ ಆಗಿದೆ ಅಂತ. ಕೆಲವ್ರಲ್ಲಿ ನೇರವಾಗಿ ಕೀವೇ ಬರುತ್ತೆ, ಆಗ ಥಿಯೇಟರಲ್ಲಿ ಎಲ್ರೂ ಮಾತು ನಿಲ್ಲಿಸ್ತೀವಿ.

ಈಗ ಮುಖ್ಯ ಪ್ರಶ್ನೆ. ಹುಳ ಇದ್ದಿದ್ದು ಗಾಲ್ ಬ್ಲಾಡರ್ ಅನ್ನೋ ಆ ಚೀಲದೊಳಗೆ, ಚೀಲನೇ ಕ್ಲಿಪ್ ಹಾಕಿ ಕತ್ತರಿಸಿ ಹೊರಗೆ ತೆಗೆದಾಯ್ತು. ರಿಪೋರ್ಟಲ್ಲಿರೋ ಹೆವಿ ಗ್ರೋತ್ ಈಗ ನಿಮ್ಮಮ್ಮನ ಮೈಯಲ್ಲಿಲ್ಲ, ಲ್ಯಾಬ್ ಪ್ಲೇಟ್ ಮೇಲಿದೆ. 2018ರ ಟೋಕಿಯೋ ಗೈಡ್‌ಲೈನ್ಸ್ ಅಂತ ಇದೆ, ಪ್ರಪಂಚದಲ್ಲೆಲ್ಲಾ ಗಾಲ್ ಬ್ಲಾಡರ್ ಊತಕ್ಕೆ ಅದನ್ನೇ ನೋಡೋದು, ಅದ್ರಲ್ಲಿ ಸೌಮ್ಯ ಮತ್ತೆ ಮಧ್ಯಮ ದರ್ಜೆ ಊತ ಆದ್ರೆ ಗಾಲ್ ಬ್ಲಾಡರ್ ತೆಗೆದ 24 ಗಂಟೆಯೊಳಗೆ ಆಂಟಿಬಯಾಟಿಕ್ ನಿಲ್ಲಿಸ್ಬೋದು ಅಂತಿದೆ. ಫ್ರಾನ್ಸಲ್ಲಿ 414 ಜನರ ಮೇಲೆ ಒಂದು ಟ್ರಯಲ್ ಮಾಡಿ 2014ರಲ್ಲಿ ಪ್ರಕಟ ಮಾಡಿದ್ರು. ಎಲ್ರಿಗೂ ಆಪರೇಷನ್ ತನಕ ಆಂಟಿಬಯಾಟಿಕ್ ಕೊಟ್ಟು, ಆಮೇಲೆ ಅರ್ಧ ಜನಕ್ಕೆ 5 ದಿನ ಮುಂದುವರಿಸಿದ್ರು, ಇನ್ನರ್ಧಕ್ಕೆ ನಿಲ್ಲಿಸಿದ್ರು. ನಿಲ್ಲಿಸಿದವ್ರಲ್ಲಿ ಇನ್ಫೆಕ್ಷನ್ ಆಗಿದ್ದು 17%, ಮುಂದುವರಿಸಿದವ್ರಲ್ಲಿ 15%. ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ. ನಮ್ಮಲ್ಲಿ ಮಾತ್ರ ಡಿಸ್ಚಾರ್ಜ್ ಚೀಟಿಯಲ್ಲಿ ಐದು ದಿನದ ಮಾತ್ರೆ ಬರೀದೆ ಇದ್ರೆ ಪೇಷಂಟ್ ಕಡೆಯವ್ರೇ ‘ಇನ್ಫೆಕ್ಷನ್‌ಗೆ ಏನೂ ಬರ್ದಿಲ್ವಲ್ಲ ಡಾಕ್ಟ್ರೇ’ ಅಂತಾರೆ, ಅದೊಂಥರ ದಕ್ಷಿಣೆ ಲೆಕ್ಕ.

ಆದ್ರೆ ಕಣ್ಣಿಟ್ಟಿರಿ. ಚಳಿ ಜ್ವರ ಬಂದ್ರೆ, ಕಣ್ಣು ಹಳದಿ ಆದ್ರೆ, ಹೊಟ್ಟೆ ನೋವು ದಿನದಿಂದ ದಿನಕ್ಕೆ ಕಮ್ಮಿಯಾಗೋ ಬದ್ಲು ಜಾಸ್ತಿಯಾದ್ರೆ, ವಾಂತಿ ನಿಲ್ದೆ ಇದ್ರೆ, ಗಾಯದಿಂದ ಕೀವು ಇಲ್ಲಾ ಹಸಿರು ನೀರು ಬಂದ್ರೆ ಫೋನಲ್ಲಿ ಕೇಳ್ತಾ ಕೂರದೆ ಅಡ್ಮಿಟ್ ಮಾಡಿದ್ದ ಕಡೆಗೇ ಕರ್ಕೊಂಡು ಹೋಗಿ. ಆಗ ಈ ರಿಪೋರ್ಟ್ ಬಂಗಾರ, ಯಾವ ಔಷಧಿ ಕೆಲಸ ಮಾಡುತ್ತೆ ಅಂತ ಮೊದಲ್ನೇ ಗಂಟೆಯಲ್ಲೇ ಗೊತ್ತಿರುತ್ತೆ. ಫೈಲಲ್ಲಿಡಿ ಅಂದಿದ್ದು ಅದಕ್ಕೇ.

ದೊಡ್ಮನೆ_ಮಂಜಣ್ಣ

ಡಾಕ್ಟ್ರೇ ನಿಮ್ಮ ಮಾತು ಒಪ್ತೀನಿ ಆದ್ರೆ ಪೂರ್ತಿ ಅಲ್ಲ. ನಮ್ಮ ತಂದೆಗೆ ಪಿತ್ತನಾಳದಲ್ಲೇ ಕಲ್ಲು ಇಳಿದು ಕಾಮಾಲೆ ಆಗಿತ್ತು, ಮೂತ್ರ ಕಡುಗೆಂಪು, ಮೈಯೆಲ್ಲಾ ತುರಿಕೆ. ಬಾಯಿಂದ ಟ್ಯೂಬ್ ಬಿಟ್ಟು ಇಆರ್‌ಸಿಪಿ ಮಾಡಿ ಕಲ್ಲು ತೆಗೆದು ಪ್ಲಾಸ್ಟಿಕ್ ಸ್ಟೆಂಟ್ ಇಟ್ಟಿದ್ರು, ಆಮೇಲೆ ಗಾಲ್ ಬ್ಲಾಡರ್ ತೆಗೆದ್ರು. ತೆಗೆದ ಮೇಲೆ ಹಲ್ಲು ಕಟಕಟ ಅನ್ನೋ ಚಳಿ ಜ್ವರ. ಕೊಡ್ತಿದ್ದ ಆಂಟಿಬಯಾಟಿಕ್‌ಗೆ ಬಗ್ಗಲಿಲ್ಲ, ಬೈಲ್ ಕಲ್ಚರ್ ಬಂದು ಔಷಧಿ ಬದಲಾಯಿಸಿದ ಮೇಲೇನೇ ಜ್ವರ ಇಳಿದಿದ್ದು. ಕಲ್ಚರ್ ಪಾಸಿಟಿವ್ ಬಂದ್ರೆ ಏನೂ ಬೇಡ ಅಂತ ಎಲ್ರಿಗೂ ಒಂದೇ ಮಾತು ಹೇಳಿದ್ರೆ ನಮ್ಮಪ್ಪನಂಥವ್ರ ಕಥೆ ಏನು?

ನೈಟ್‌ಡ್ಯೂಟಿ

ಮಂಜಣ್ಣ, ಇಬ್ರ ಕಥೆ ಬೇರೆ ಬೇರೆ. ನಾನು ಹೇಳಿದ್ದು ಗಾಲ್ ಬ್ಲಾಡರ್‌ಗೆ ಮಾತ್ರ ಸೀಮಿತವಾಗಿರೋ ಕೇಸ್, ಆಪರೇಷನ್ ಸಲೀಸಾಗಿ ಆಗಿ ಪೇಷಂಟ್ ಆರಾಮಾಗಿರೋರಿಗೆ. ನಿಮ್ಮ ತಂದೆಯವ್ರದ್ದು ನಾಳದ ಸಮಸ್ಯೆ. ಗಾಲ್ ಬ್ಲಾಡರ್ ತೆಗೆದ್ರೂ ನಾಳ ಒಳಗೇ ಇರುತ್ತಲ್ಲ, ಅದು ಲಿವರ್‌ಗೆ ನೇರ ದಾರಿ. ಇಆರ್‌ಸಿಪಿಯಲ್ಲಿ ಆ ಸ್ಫಿಂಕ್ಟರ್ ಬಾಗಿಲನ್ನ ಕೊಯ್ದಿರ್ತಾರೆ, ಸ್ಟೆಂಟ್‌ನ ಒಂದು ತುದಿ ಕರುಳಲ್ಲೇ ನೇತಾಡ್ತಾ ಇರುತ್ತೆ, ಹುಳಕ್ಕೆ ಹತ್ತಿ ಬರೋಕೆ ಇನ್ನೇನು ಬೇಕು. ಸ್ಟೆಂಟ್ ಇದ್ದವ್ರ ಬೈಲ್ ಕಲ್ಚರ್ ಹಾಕಿದ್ರೆ ಏನೂ ಬೆಳೀದೆ ಇರೋದೇ ಅಪರೂಪ, ಬಹಳ ಸಲ ಒಂದಲ್ಲ ಎರಡ್ಮೂರು ಜಾತಿ ಒಟ್ಟಿಗೆ.

ಚಳಿ ಜ್ವರ, ಕಾಮಾಲೆ, ಬಲಗಡೆ ಮೇಲ್ಹೊಟ್ಟೆ ನೋವು, ಈ ಮೂರು ಸೇರಿದ್ರೆ ಕೊಲಾಂಜೈಟಿಸ್, ಅಂದ್ರೆ ನಾಳದ ಇನ್ಫೆಕ್ಷನ್ ಅಂತ 1877ರಲ್ಲೇ ಶಾರ್ಕೋ ಅನ್ನೋ ಫ್ರೆಂಚ್ ಡಾಕ್ಟ್ರು ಬರ್ದಿಟ್ಟಿದಾರೆ. ಅದ್ರಲ್ಲಿ ಹುಳ ಸಲೀಸಾಗಿ ರಕ್ತಕ್ಕೆ ಸೇರುತ್ತೆ, ಬಿಪಿ ಬಿದ್ದೋಗುತ್ತೆ. ಅಲ್ಲಿ ಆಂಟಿಬಯಾಟಿಕ್ ಬೇಕೇ ಬೇಕು, ಅಡ್ಡಿ ತೆಗೆದ ಮೇಲೂ 4ರಿಂದ 7 ದಿನ ಕೊಡ್ತೀವಿ. ಹಾಗೇನೇ ಗಾಲ್ ಬ್ಲಾಡರ್ ಕೊಳೆತು ತೂತಾಗಿದ್ರೆ, ಹೊಟ್ಟೆಯೊಳಗೆ ಕೀವು ನಿಂತಿದ್ರೆ, ಅದಕ್ಕೂ 24 ಗಂಟೆ ಲೆಕ್ಕ ನಡೆಯಲ್ಲ.

ಒಂದು ಮಾತು ಕೇಳ್ತೀನಿ ತಪ್ಪು ತಿಳೀಬೇಡಿ, ಆ ಸ್ಟೆಂಟ್ ತೆಗೆಸಿದೀರಾ? ಪ್ಲಾಸ್ಟಿಕ್ ಸ್ಟೆಂಟ್ ಸುಮಾರು ಮೂರು ತಿಂಗಳಿಗೆ ಕಟ್ಟಿಕೊಳ್ಳೋಕೆ ಶುರುವಾಗುತ್ತೆ. ನೋವು ಹೋಯ್ತಲ್ಲ ಅಂತ ಮರೆತುಬಿಡೋರು ಬಹಳ ಜನ, ವರ್ಷಗಟ್ಟಲೆ ಆದ್ಮೇಲೆ ಸ್ಟೆಂಟ್ ಸುತ್ತ ಹೊಸ ಕಲ್ಲು ಕಟ್ಕೊಂಡು, ಕೀವು ತುಂಬ್ಕೊಂಡು ಬರ್ತಾರೆ.

ದೊಡ್ಮನೆ_ಮಂಜಣ್ಣ

ತೆಗೆಸಿದ್ವಿ ಡಾಕ್ಟ್ರೇ, ಆಸ್ಪತ್ರೆಯವ್ರೇ ಫೋನ್ ಮಾಡಿ ಕರೆಸಿದ್ರು. ಈಗ ಹೇಳಿದ್ದು ಸರಿಯಾಯ್ತು, ಮೊದ್ಲೇ ಇಷ್ಟು ಬಿಡಿಸಿ ಹೇಳಿದ್ರೆ ನಾನ್ಯಾಕೆ ಮಧ್ಯೆ ಬಾಯಿ ಹಾಕ್ತಿದ್ದೆ.

ಪ್ಲೇಟ್_ಪಾರಕ್ಕ

ನಾ ಹುಬ್ಬಳ್ಳಿಯಾಗ ಮೈಕ್ರೋಬಯಾಲಜಿ ಲ್ಯಾಬಿನ್ಯಾಗ ಕೆಲಸ ಮಾಡ್ತೇನ್ರಿ. ರಿಪೋರ್ಟ್ ಓದೂದು ನಾ ಹೇಳ್ತೇನಿ ತಮ್ಮ, ಯಾಕಂದ್ರ ಈಗ ಎಲ್ಲಾ ರಿಪೋರ್ಟು ಡಾಕ್ಟ್ರಿಗಿಂತ ಮೊದ್ಲ ಮನಿಯವರ ವಾಟ್ಸಾಪಿಗೆ ಬರ್ತಾವ, ಆ ‘ಆರ್’ ನೋಡಿ ಮಂದಿ ಗಾಬರಿ ಬೀಳ್ತಾರ.

ಬೈಲ್ ನಮ್ಮ ಕಡೆ ಸಿರಿಂಜಿನ್ಯಾಗೋ ಸ್ಟೆರೈಲ್ ಡಬ್ಬಿಯೊಳಗೋ ಬರ್ತೈತಿ. ಮೊದ್ಲ ಸ್ಲೈಡ್ ಮ್ಯಾಲೆ ಗ್ರಾಂ ಸ್ಟೇನ್ ಅಂತ ಬಣ್ಣ ಹಾಕಿ ನೋಡ್ತೇವಿ, ಆಮ್ಯಾಲೆ ಬ್ಲಡ್ ಅಗಾರ್ ಮತ್ತ ಮ್ಯಾಕಾಂಕಿ ಅಂತ ಹುಳ ಬೆಳಸೂ ಪ್ಲೇಟಿನ ಮ್ಯಾಲೆ ಲೂಪಿನಿಂದ ಗೀಟು ಎಳದು 37 ಡಿಗ್ರಿ ಇನ್‌ಕ್ಯುಬೇಟರಿನ್ಯಾಗ ಇಡ್ತೇವಿ. ಮರುದಿನ ತೆಗದು ನೋಡಿದ್ರ ಇ. ಕೊಲೈ ಮ್ಯಾಕಾಂಕಿ ಮ್ಯಾಲೆ ಒಣ ಒಣ ಗುಲಾಬಿ ಚುಕ್ಕಿ, ಕ್ಲೆಬ್ಸಿಯೆಲ್ಲಾ ಇದ್ರ ಅದೂ ಗುಲಾಬಿನ ಆದ್ರ ಲೋಳಿ ಲೋಳಿ, ಲೂಪ್ ಮುಟ್ಟಿಸಿ ಎತ್ತಿದ್ರ ಎಳಿ ಬರ್ತೈತಿ. ಮಜಾ ಅಂದ್ರ ಆ ಮ್ಯಾಕಾಂಕಿ ಪ್ಲೇಟಿನೊಳಗ ಮೊದ್ಲ ಪಿತ್ತದ ಲವಣ ಹಾಕಿರ್ತಾರ, ಪಿತ್ತ ತಡಕೊಳ್ಳಾಕ ಆಗದ ಹುಳ ಅದರ ಮ್ಯಾಲೆ ಬೆಳಿಯೂದಿಲ್ಲ, ಕರುಳಿನ ಹುಳ ಆರಾಮ ಬೆಳಿತಾವ. ಗಾಲ್ ಬ್ಲಾಡರಿನ್ಯಾಗ ಇ. ಕೊಲೈ, ಕ್ಲೆಬ್ಸಿಯೆಲ್ಲಾ, ಎಂಟೆರೋಕಾಕಸ್ ಇವ ಮತ್ತ ಮತ್ತ ಸಿಗೂದು ಯಾಕ ಅಂತ ಇದರಾಗ ಗೊತ್ತಾಗ್ತೈತಿ, ಅವಕ್ಕ ಪಿತ್ತ ರೂಢಿ.

‘ಎಸ್’ ಅಂದ್ರ ಆ ಔಷಧಕ್ಕ ಹುಳ ಬಗ್ಗತೈತಿ, ‘ಆರ್’ ಅಂದ್ರ ಬಗ್ಗೂದಿಲ್ಲ. ಇಎಸ್‌ಬಿಎಲ್ ಅಂದ್ರ ಆ ಹುಳ ಒಂದು ಕಿಣ್ವ ಮಾಡ್ತೈತಿ, ಅದು ಸೆಫ್ಟ್ರಯಾಕ್ಸೋನ್, ಸೆಫೊಟ್ಯಾಕ್ಸಿಂ ಥರದ ಔಷಧ ಮುರದು ಹಾಕತೈತಿ. ಹಂಗಂತ ಇಎಸ್‌ಬಿಎಲ್ ಇದ್ದ ಇ. ಕೊಲೈ ಬಂದ್ರ ರೋಗ ಜೋರು ಅಂತ ಅರ್ಥ ಅಲ್ಲರೀ. ಔಷಧ ತಡಕೊಳ್ಳೂದು ಬ್ಯಾರೆ, ಮನಷ್ಯಾನ್ನ ಮಲಗಿಸೂದು ಬ್ಯಾರೆ. ನಮ್ಮ ದೇಶದಾಗ ಆರಾಮ ಓಡ್ಯಾಡಿಕೊಂಡಿರೋ ಮಂದಿ ಕರುಳಿನ್ಯಾಗೂ ಇಂಥಾ ಹುಳ ಭಾಳ ಸಿಗ್ತಾವ, ಸಣ್ಣ ನೆಗಡಿಗೂ ಆಂಟಿಬಯಾಟಿಕ್ ನುಂಗಿದ್ದರ ಫಲ. ನಿಮ್ಮ ಕಾಕಾ ‘ಸ್ಟ್ರಾಂಗ್ ಬ್ಯಾಕ್ಟೀರಿಯಾ’ ಅಂದಿದ್ದು ಅದನ್ನ ತಪ್ಪು ತಿಳಕೊಂಡು.

ಹೆವಿ ಗ್ರೋತ್ ಅನ್ನೂದಕ್ಕೂ ಭಾಳ ಬೆಲೆ ಕೊಡಬ್ಯಾಡ್ರಿ. ಬಾಯಿ ಮುಚ್ಚಿದ ಚೀಲದಾಗ ಎಷ್ಟು ದಿನ ನಿಂತಿತ್ತೋ ಅಷ್ಟು ಬೆಳದಿರ್ತಾವ.

ಬೈಲ್ ಕಲ್ಚರಿನ್ಯಾಗ ನಾವು ಕುರ್ಚಿ ಬಿಟ್ಟು ಎದ್ದು ಸರ್ಜನ್ನಿಗೆ ಫೋನ್ ಹಚ್ಚೂದು ಯಾವಾಗ ಅಂದ್ರ ಸಾಲ್ಮೊನೆಲ್ಲಾ ಟೈಫಿ ಬಂದಾಗ. ಟೈಫಾಯ್ಡ್ ಹುಳ ರೀ. ಟೈಫಾಯ್ಡ್ ಆಗಿ ವಾಸಿ ಆದ ಕೆಲವರೊಳಗ ಅದು ಗಾಲ್ ಬ್ಲಾಡರಿನ್ಯಾಗ ಮನಿ ಮಾಡಿಕೊಂಡು, ಕಲ್ಲಿನ ಮ್ಯಾಲೆ ಪೊರಿ ಕಟ್ಟಿಕೊಂಡು ವರ್ಷಗಟ್ಟಲೆ ಇರ್ತೈತಿ. ಅವರಿಗೆ ಏನೂ ತ್ರಾಸ ಇರೂದಿಲ್ಲ, ಮಲದೊಳಗ ಹೊರಗ ಬಂದು ಮಂದಿಗೆ ಹಚ್ಚತೈತಿ. ನ್ಯೂಯಾರ್ಕಿನ ಅಡಗಿ ಕೆಲಸದಾಕಿ ಮೇರಿ ಮ್ಯಾಲನ್ ಕಥಿ ಕೇಳಿರಬೇಕು, ‘ಟೈಫಾಯ್ಡ್ ಮೇರಿ’ ಅಂತಿದ್ರು. 1907ರಾಗ ಹಿಡದು ಬ್ಯಾರೆ ಇಟ್ರು, 1910ಕ್ಕ ಅಡಗಿ ಕೆಲಸ ಮಾಡೂದಿಲ್ಲ ಅಂತ ಮಾತು ತಗೊಂಡು ಬಿಟ್ರು, ಮತ್ತ ಹೆಸರು ಬದಲಿಸಿ ಅಡಗಿಗೇ ಹೋದ್ಲು, 1915ರಾಗ ಮತ್ತ ಹಿಡದ್ರು, 1938ರಾಗ ಸಾಯೂತನಕ ಬಿಡಲಿಲ್ಲ. ಗಾಲ್ ಬ್ಲಾಡರ್ ತೆಗೀತೇವಿ ಅಂದಿದ್ರು, ಆಕಿ ಒಪ್ಪಲಿಲ್ಲ. ಆ ಕಾಲದಾಗ ಆ ಆಪರೇಷನ್ನಿನೊಳಗ ಜೀವ ಹೋಗೂದೂ ಇತ್ತು, ಆಕಿ ಅಂಜಿದ್ದು ತಪ್ಪು ಅಂತ ನನಗ ಅನಸೂದಿಲ್ಲ. ನಿಮ್ಮವ್ವನ ರಿಪೋರ್ಟಿನ್ಯಾಗ ಆ ಹೆಸರಿಲ್ಲ, ಆರಾಮ ಇರ್ರಿ.

ನ್ಯಾಚುರಲ್_ನಟರಾಜ

ಆಪರೇಷನ್ ಮಾಡಿಸೋಕೆ ಮೊದ್ಲು ಇಲ್ಲಿ ಕೇಳ್ಬೇಕಿತ್ತು ಗುರು. ಆಪಲ್ ಜ್ಯೂಸ್ ಕುಡಿದು, ರಾತ್ರಿ ಆಲಿವ್ ಎಣ್ಣೆಗೆ ನಿಂಬೆಹಣ್ಣು ಹಿಂಡಿ ಕುಡಿದು ಮಲಗಿದ್ರೆ ಬೆಳಿಗ್ಗೆ ಹಸಿರು ಹಸಿರು ಕಲ್ಲು ಉದುರುತ್ತೆ, ನಮ್ಮ ಆಫೀಸಲ್ಲಿ ಒಬ್ರು ಫೋಟೋನೇ ತೋರಿಸಿದ್ರು.

ಪ್ಲೇಟ್_ಪಾರಕ್ಕ

ಆ ಹಸಿರು ಉಂಡಿ ಎಣ್ಣಿ ಮತ್ತ ನಿಂಬಿರಸ ಹೊಟ್ಟಿಯೊಳಗ ಸೇರಿ ಆದ ಸಾಬೂನು ರೀ. ಪರೀಕ್ಷಾ ಮಾಡಿ ನೋಡ್ಯಾರ, ಕೊಲೆಸ್ಟ್ರಾಲೂ ಇಲ್ಲ ಬಿಲಿರುಬಿನ್ನೂ ಇಲ್ಲ. ಬಿಸಿ ಮಾಡಿದ್ರ ಕರಗತಾವ. ಕಲ್ಲು ಇದ್ದಾವರು ಒಮ್ಮೆಲೆ ಅಷ್ಟು ಎಣ್ಣಿ ಕುಡದ್ರ ಗಾಲ್ ಬ್ಲಾಡರ್ ಜೋರಾಗಿ ಹಿಂಡತೈತಿ, ಕಲ್ಲು ಹೋಗಿ ನಾಳದಾಗ ಸಿಗಬಿದ್ರ ಮಂಜಣ್ಣಾರ ತಂದಿ ಥರ ಆಗತೈತಿ.

ಹಾಸನದ_ಕೆಮಿಸ್ಟ್

ನಾನೂ ಮೆಡಿಕಲ್ ಶಾಪ್ ಇಟ್ಕೊಂಡಿರೋನೇ, ಅದಕ್ಕೇ ಚಿಕ್ಕಪ್ಪನ ಬಗ್ಗೆ ಒಂದು ಮಾತು. ಅವ್ರು ಪ್ರೀತಿಯಿಂದಾನೇ ಹೇಳ್ತಿರ್ಬೋದು, ಆದ್ರೆ ಮೆರೋಪೆನೆಮ್ ಶೆಡ್ಯೂಲ್ ಎಚ್1 ಔಷಧಿ. 2014ರ ಮಾರ್ಚ್ 1ರಿಂದ ಈ ರೂಲು ಜಾರಿಯಲ್ಲಿದೆ, ಡಾಕ್ಟ್ರ ಚೀಟಿ ಇಲ್ದೆ ಕೊಡಂಗೇ ಇಲ್ಲ, ಕೊಟ್ರೆ ಡಾಕ್ಟ್ರ ಹೆಸ್ರು ಪೇಷಂಟ್ ಹೆಸ್ರು ಎಷ್ಟು ಕೊಟ್ವಿ ಅಂತ ಬೇರೆ ರಿಜಿಸ್ಟರಲ್ಲಿ ಬರ್ದು ಮೂರು ವರ್ಷ ಇಡ್ಬೇಕು. ಸೆಫ್ಟ್ರಯಾಕ್ಸೋನ್, ಸೆಫಿಕ್ಸಿಂ ಕೂಡ ಅದೇ ಪಟ್ಟಿಯಲ್ಲಿವೆ. ಪಾಲಿಸೋರು ಎಷ್ಟು ಜನ ಅಂತ ಕೇಳ್ಬೇಡಿ, ನನ್ನ ಎದುರಿನ ಅಂಗಡಿಯವ್ನು ನನ್ನ ಗಿರಾಕಿ ಕಿತ್ಕೊಂಡಿದ್ದೇ ಹಿಂಗೆ.

ಆ ಇಂಜೆಕ್ಷನ್ ಮನೆಯಲ್ಲಿ ಒಂದ್ಸಲ ಚುಚ್ಚಿ ಹೋಗೋದಲ್ಲ, ಸಾಮಾನ್ಯವಾಗಿ 8 ಗಂಟೆಗೊಂದ್ಸಲ ರಕ್ತನಾಳಕ್ಕೆ ಕೊಡ್ಬೇಕು. ಶುಗರ್ ಇರೋರಿಗೆ ಕಿಡ್ನಿ ಹೆಂಗಿದೆ ನೋಡಿ ಡೋಸ್ ಹೊಂದಿಸ್ಬೇಕು. ಅದೆಲ್ಲ ಬಿಡಿ, ಇವತ್ತು ಬೇಡದೆ ಇರೋವಾಗ ಹಾಕ್ಸಿ ಕರುಳಲ್ಲಿರೋ ಹುಳಕ್ಕೆ ಮೆರೋಪೆನೆಮ್ಮೂ ಪರಿಚಯ ಮಾಡ್ಸಿಬಿಟ್ರೆ, ನಾಳೆ ನಿಜವಾಗ್ಲೂ ಜ್ವರ ಬಂದಾಗ ಉಳಿಯೋ ಔಷಧಿ ಒಂದೋ ಎರಡೋ, ಅವಕ್ಕೆ ಕಿಡ್ನಿ ಕೆಡಿಸೋ ಗುಣ ಬೇರೆ.

ತೀರ್ಥಹಳ್ಳಿ_ತಂಗಿ

ಎಲ್ರೂ ಬೈಲ್ ಹಿಂದೆ ಬಿದ್ದಿದೀರಿ, ನನಗಾಗಿದ್ದು ಬೇರೆ, ಅದನ್ನೂ ಹೇಳ್ಬಿಡ್ತೀನಿ ಅಣ್ಣ. ನಂದೂ ಲ್ಯಾಪ್ರೋಸ್ಕೋಪಿಯಲ್ಲೇ ತೆಗೆದಿದ್ದು, ಬೈಲ್ ಕಲ್ಚರ್‌ನಲ್ಲಿ ಏನೂ ಬೆಳೀಲಿಲ್ಲ. ಗಾಯ ನೀಟಾಗಿ ಒಣಗಿ, ತಿಂಗ್ಳು ಕಳೆದ ಮೇಲೆ ಹೊಕ್ಕುಳ ಹತ್ರ ಕಡಲೆಕಾಳಷ್ಟು ಗಂಟು ಎದ್ದು, ಒಡೆದು ನೀರು ನೀರಾಗಿ ಸೋರೋಕೆ ಶುರು. ನೋವಿಲ್ಲ ಜ್ವರ ಇಲ್ಲ. ಡ್ರೆಸ್ಸಿಂಗ್ ಮಾಡೋದು, ಮಾಮೂಲಿ ಆಂಟಿಬಯಾಟಿಕ್ ನುಂಗೋದು, ಒಂಚೂರು ಕಮ್ಮಿ ಆಗೋದು, ಪಕ್ಕದಲ್ಲಿ ಇನ್ನೊಂದು ಗಂಟು. ಕೊನೆಗೆ ಬೇರೆ ಕಡೆ ತೋರಿಸಿದಾಗ ಗಂಟಿನ ತುಂಡು ತೆಗೆದು ಟಿಬಿ ಥರದ ಹುಳಕ್ಕೆ ಅಂತ ಬೇರೆ ಟೆಸ್ಟಿಗೆ ಕಳ್ಸಿದ್ರು, ಅದ್ರಲ್ಲಿ ಅಟಿಪಿಕಲ್ ಮೈಕೋಬ್ಯಾಕ್ಟೀರಿಯಾ ಅಂತ ಬಂತು. ಟಿಬಿಯ ದಾಯಾದಿಯಂತೆ, ನೀರಲ್ಲಿರೋದಂತೆ. ಕ್ಲಾರಿಥ್ರೋಮೈಸಿನ್ ಜೊತೆ ಇನ್ನೊಂದು ಸೇರಿಸಿ ತಿಂಗಳಾನುಗಟ್ಟಲೆ ತಗೊಂಡೆ, ಬಾಯಿ ಯಾವಾಗ್ಲೂ ಕಹಿ ಕಹಿ. ಆಪರೇಷನ್ ಮಾಡಿದ ಆಸ್ಪತ್ರೆ ಹೆಸ್ರು ಹೇಳಲ್ಲ, ಕೇಳ್ಬೇಡಿ.

ನೈಟ್‌ಡ್ಯೂಟಿ

ಇದು ಹೇಳಿದ್ದು ಬಹಳ ಒಳ್ಳೇದಾಯ್ತು. ನಮ್ಮ ದೇಶದಲ್ಲಿ ಲ್ಯಾಪ್ರೋಸ್ಕೋಪಿ ಆದವ್ರಲ್ಲಿ ಇದು ಗೊತ್ತಿರೋ ಸಮಸ್ಯೆನೇ. ಲ್ಯಾಪ್ರೋಸ್ಕೋಪಿ ಸಲಕರಣೆ ಒಳಗೆ ಸಂದಿ ಗೊಂದಿ ಜಾಸ್ತಿ. ಬಿಚ್ಚಿ ಉಜ್ಜಿ ತೊಳೀದೆ ಕೆಮಿಕಲ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ, ನಲ್ಲಿ ನೀರಲ್ಲಿ ಜಾಲಾಡಿಸಿ ಮುಂದಿನ ಕೇಸ್‌ಗೆ ಇಟ್ರೆ ಈ ಹುಳ ಉಳ್ಕೊಳುತ್ತೆ. ಹೊಲಿಗೆ ಜಾಗದಲ್ಲಿ ಮೊದಲ ವಾರದಲ್ಲೇ ಕೀವಾದ್ರೆ ಅದು ಸಾಮಾನ್ಯ ಚರ್ಮದ ಹುಳ ಇಲ್ಲಾ ಬೈಲ್‌ನಲ್ಲಿದ್ದ ಹುಳ. ಒಣಗಿ ಮೂರ್ನಾಲ್ಕು ವಾರ ಆದ್ಮೇಲೆ ಗಂಟು ಎದ್ರೆ ಇದನ್ನ ಯೋಚ್ನೆ ಮಾಡ್ಬೇಕು, ಮಾಮೂಲಿ ಕಲ್ಚರ್‌ನಲ್ಲಿ ಸುಲಭಕ್ಕೆ ಸಿಗಲ್ಲ.

ಬೈಲ್‌ನ ಹುಳ ಗಾಯಕ್ಕೆ ಬರಬಾರ್ದು ಅಂತ್ಲೇ, ಕೆಟ್ಟಿರೋ ಗಾಲ್ ಬ್ಲಾಡರ್‌ನ ಹಂಗೇ ಹೊಕ್ಕುಳ ತೂತಿಂದ ಎಳೆಯಲ್ಲ, ಒಂದು ಚೀಲದೊಳಗೆ ಹಾಕಿ ಹೊರಗೆ ತೆಗೀತೀವಿ. ಚೀಲ ತರ್ಸೋಕೆ ದುಡ್ಡು ಯಾಕೆ ಅಂತ ಕೆಲವು ಕಡೆ ಸ್ಟೆರೈಲ್ ಗ್ಲೌಸ್ ಕತ್ತರಿಸಿ ಅದ್ರಲ್ಲೇ ಹಾಕ್ಕೋತಾರೆ, ಅದೂ ಚೆನ್ನಾಗೇ ಕೆಲಸ ಮಾಡುತ್ತೆ. ಮಧ್ಯೆ ಗಾಲ್ ಬ್ಲಾಡರ್ ಒಡೆದು ಬೈಲ್ ಚೆಲ್ಲಿದ್ರೆ ಸಲೈನ್ ಹಾಕಿ ತೊಳೆದು, ಬಿದ್ದ ಕಲ್ಲನ್ನೆಲ್ಲ ಹೆಕ್ಕಬೇಕು. ಕಲ್ಲು ಒಳಗೇ ಉಳಿದು ತಿಂಗಳುಗಳಾದ್ಮೇಲೆ, ಅಪರೂಪಕ್ಕೆ ವರ್ಷಗಳಾದ್ಮೇಲೆ ಕೀವುಗಡ್ಡೆ ಆಗಿರೋದೂ ಇದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಬೈಲ್ ಸ್ಪಿಲೇಜ್’ ಅಂತ ಬರ್ದಿದ್ರೆ ಆ ಪೇಪರ್ ಬಿಸಾಕ್ಬೇಡಿ.

ಹರಿಹರದ_ಹುಡ್ಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಮ್ಮರಿ ತೆಗೆದು ನೋಡ್ದೆ, ಸ್ಪಿಲೇಜ್ ಇಲ್ಲ ಅಂತ್ಲೇ ಇದೆ, ಚೀಲದಲ್ಲಿ ಹಾಕಿ ತೆಗೆದ್ವಿ ಅಂತನೂ ಬರ್ದಿದಾರೆ, ಆಪರೇಷನ್‌ಗೆ ಮುಂಚೆ ಲಿವರ್ ಟೆಸ್ಟೂ ನಾರ್ಮಲ್ಲು, ನಾಳದಲ್ಲಿ ಕಲ್ಲಿಲ್ಲ. ಚಿಕ್ಕಪ್ಪಂಗೆ ಪಾರಕ್ಕ ಹೇಳಿದ್ದು, ಕೆಮಿಸ್ಟ್ ಅಣ್ಣ ಹೇಳಿದ್ದು ಎರಡೂ ಓದಿ ಹೇಳ್ದೆ. ಎಚ್1 ರಿಜಿಸ್ಟರ್ ಅಂದ ತಕ್ಷಣ ಸ್ವಲ್ಪ ತಣ್ಣಗಾದ್ರು, ಆಯ್ತಪ್ಪ ನಿಮ್ಮ ಡಾಕ್ಟ್ರು ಹೇಳ್ದಂಗೇ ಮಾಡಿ, ಜ್ವರ ಬಂದ್ರೆ ನನ್ನ ಕೇಳ್ಬೇಡಿ ಅಂದ್ರು. ಥರ್ಮಾಮೀಟರ್ ತಂದಿಟ್ಟಿದೀನಿ.

ಒಂದು ಚಿಕ್ಕ ಡೌಟು. ಆಸ್ಪತ್ರೆಯವ್ರು ಕಲ್ಲುಗಳನ್ನ ಸಣ್ಣ ಬಾಟ್ಲಿಗೆ ಹಾಕಿ ಕೊಟ್ಟಿದಾರೆ. ಕಂದು ಬಣ್ಣ, ಒಂದನ್ನ ಒತ್ತಿ ನೋಡಿದ್ರೆ ಪುಡಿ ಆಯ್ತು. ಅಮ್ಮ ಅದನ್ನ ಶೋಕೇಸಲ್ಲಿಟ್ಟು ಬಂದವ್ರಿಗೆಲ್ಲ ತೋರಿಸ್ತಿದಾರೆ. ಅದ್ರಲ್ಲೂ ಬ್ಯಾಕ್ಟೀರಿಯಾ ಇರುತ್ತಾ?

ಪ್ಲೇಟ್_ಪಾರಕ್ಕ

ಇರಬಹುದ್ರೀ. ಒತ್ತಿದ್ರ ಪುಡಿ ಆಗೂ ಕಂದು ಕಲ್ಲು ಹೆಚ್ಚಾಗಿ ಹುಳದ ಕೆಲಸಾನ. ಇ. ಕೊಲೈ ಥರದ ಹುಳ ಬೀಟಾ ಗ್ಲುಕುರೊನಿಡೇಸ್ ಅಂತ ಒಂದು ಕಿಣ್ವ ಬಿಡ್ತೈತಿ, ಅದು ಪಿತ್ತದೊಳಗ ಕರಗಿದ್ದ ಬಿಲಿರುಬಿನ್ ಬಿಡಿಸತೈತಿ, ಬಿಡಿಸಿದ್ದು ಕ್ಯಾಲ್ಸಿಯಂ ಜೋಡಿ ಕೂಡಿ ಕೆಸರಾಗಿ ಕುಂದರತೈತಿ, ಅದ ಮುಂದ ಕಲ್ಲು. ಕೊಲೆಸ್ಟ್ರಾಲ್ ಕಲ್ಲು ಬ್ಯಾರೆ, ಅದು ಹಳದಿ, ಗಟ್ಟಿ, ಒಡದ್ರ ಒಳಗ ಮಿಣಮಿಣ ಹರಳು. ರಕ್ತಕಣ ಜಾಸ್ತಿ ಒಡಿಯೋ ರೋಗದಾಗ ಆಗೂದು ಕಪ್ಪು ಕಲ್ಲು, ಅದರಾಗ ಸಾಮಾನ್ಯವಾಗಿ ಹುಳ ಇರೂದಿಲ್ಲ. ಕೈಯಾಗ ಒತ್ತಿ ನೋಡಿದ್ದಕ್ಕ ಸಾಬೂನು ಹಚ್ಚಿ ಕೈ ತೊಳಕೊಂಡ್ರ ಸಾಕು. ಬಾಟ್ಲಿ ಬಿರಡಿ ಬಿಗಿ ಮಾಡ್ರಿ, ಅಡಗಿ ಮನಿಯಾಗ ಇಡಬ್ಯಾಡ್ರಿ, ಸಣ್ಣ ಹುಡುಗರ ಕೈಯಾಗ ಸಿಗದಂಗ ನೋಡ್ಕೊರಿ.

ನೈಟ್‌ಡ್ಯೂಟಿ

ಹೊಲಿಗೆ ತೆಗೆಸೋಕೆ ಹೋದಾಗ ಹಿಸ್ಟೋಪ್ಯಾಥಾಲಜಿ ರಿಪೋರ್ಟ್ ಬಂದಿದ್ಯಾ ಕೇಳಿ. ತೆಗೆದ ಗಾಲ್ ಬ್ಲಾಡರ್‌ನ ಕತ್ತರಿಸಿ ಮೈಕ್ರೋಸ್ಕೋಪಲ್ಲಿ ನೋಡಿರ್ತಾರೆ, ಕ್ಯಾನ್ಸರ್ ಏನಾದ್ರೂ ಅಡಗಿತ್ತಾ ಅಂತ ಗೊತ್ತಾಗೋದು ಅದ್ರಲ್ಲೇ. ಕಲ್ಚರ್ ರಿಪೋರ್ಟ್ ಬಗ್ಗೆ ಇಷ್ಟು ಜನ ಕೇಳ್ತಾರೆ, ಇದನ್ನ ಇಸ್ಕೊಳ್ಳೋಕೇ ಬರಲ್ಲ, ನಮ್ಮ ವಾರ್ಡಿನ ಬೀರುವಲ್ಲಿ ಒಂದು ಕಟ್ಟು ಹಂಗೇ ಬಿದ್ದಿದೆ.

ಹರಿಹರದ_ಹುಡ್ಗ

ಸೋಮವಾರ ಹೋಗ್ತಿದೀವಿ, ಕೇಳಿ ಇಸ್ಕೊಂಡೇ ಬರ್ತೀನಿ ಸರ್.